ಆಫ್ರಿಕಾ ಸೀಳುತ್ತಿದೆಯಂತೆ, ನಮ್ಮ ಕೊಂಕಣದ ಕಥೆ ಏನು?

ಪನ್ವೇಲ್ ಅಮ್ಮ:
ಮಗ ಒಂಬತ್ತನೇ ಕ್ಲಾಸು. ಕೀನ್ಯಾದಲ್ಲಿ ಭೂಮಿ ಬಾಯಿಬಿಟ್ಟ ವಿಡಿಯೋ ನೋಡಿದಾಗಿನಿಂದ ತಲೆ ತಿನ್ನುತ್ತಿದ್ದಾನೆ. ಖಂಡ ಹೇಗೆ ಸೀಳಲು ಶುರುವಾಗುತ್ತೆ, ಒಂದೇ ಸಲಕ್ಕೆ ಎರಡಾಗುತ್ತಾ ಅಂತ. ನನ್ನ ಬಿ.ಕಾಂ. ಇದಕ್ಕೆ ಸಾಲದು. ಸಾಲದ್ದಕ್ಕೆ ನಮ್ಮ ಸೊಸೈಟಿ ವಾಟ್ಸಾಪ್‌ನಲ್ಲಿ ಕೊಂಕಣವೂ ಕಳಚಿಕೊಳ್ಳುತ್ತೆ ಅಂತ ಯಾರೋ ಹಾಕಿದ್ದಾರೆ. ತಿಳಿದವರು ಹೇಳಿ.

ಮುಲುಂಡ್ ಮಾಸ್ಟ್ರು:
ಆ ವಿಡಿಯೋ 2018ರದ್ದು ಇರಬೇಕು. ಅಲ್ಲಿನ ನೆಲ ಸಡಿಲ ಜ್ವಾಲಾಮುಖಿ ಬೂದಿ. ಜೋರು ಮಳೆಗೆ ಅದು ಕೊಚ್ಚಿಹೋಗಿ ಹಳ್ಳ ಬಿತ್ತು ಅಂತಲೇ ಹೆಚ್ಚಿನ ಭೂವಿಜ್ಞಾನಿಗಳು ಹೇಳಿದರು. ಆಫ್ರಿಕಾ ಸೀಳುತ್ತಿರುವುದು ನಿಜ ಮಾರಾಯ್ರೆ, ಆದರೆ ವರ್ಷಕ್ಕೆ ಕೆಲವೇ ಮಿಲಿಮೀಟರ್.

ಶುರುವಾಗಲು ಎಳೆತ ಬೇಕು. ಕೆಳಗಿನಿಂದ ಬಿಸಿ ಏರಿ ನೆಲ ಉಬ್ಬಿ ಮೆತ್ತಗಾದರೆ ಕೆಲಸ ಸುಲಭ. ಗಟ್ಟಿ ಜಾಗ ಬಿಟ್ಟು ದುರ್ಬಲ ಜಾಗದಲ್ಲೇ ಸೀಳು ಹೊರಡುತ್ತೆ. ಟಾಂಜಾನಿಯಾದ ಹಳೆಯ ಗಟ್ಟಿ ಬಂಡೆ ಎದುರಾದಾಗ ಆಫ್ರಿಕಾದ ಸೀಳು ಎರಡು ಕವಲಾಗಿ ಅದನ್ನು ಬಳಸಿಕೊಂಡು ಹೋಗಿದೆ, ನಕ್ಷೆ ನೋಡಿ.

ಮೇಲಿನ ತೊಗಟೆ ಆರಿದ ಚಿಕ್ಕಿಯ ಹಾಗೆ ಮುರಿಯುತ್ತೆ, ಕೆಳಗಿನದು ಬಿಸಿ ಪಾಕದ ಹಾಗೆ ಜಗ್ಗುತ್ತೆ. ಮುರಿದ ತುಂಡುಗಳು ಓರೆಯಾಗಿ ಕುಸಿದು ಕಣಿವೆ, ಅದರಲ್ಲಿ ನೀರು ನಿಂತು ಸರೋವರ. ಟಾಂಗನಿಕಾ ಸುಮಾರು 1,470 ಮೀಟರ್ ಆಳ! ತೊಗಟೆ ತೆಳುವಾದಂತೆ ಅಡಿಯ ಬಿಸಿ ಬಂಡೆ ಮೇಲೆ ಬರುತ್ತೆ. ಮೇಲಿನ ಒತ್ತಡ ಇಳಿದದ್ದಕ್ಕೇ ಅದು ಕರಗುತ್ತೆ. ಆಮೇಲೆ ಸೀಳುವ ಕೆಲಸವನ್ನು ಶಿಲಾರಸ ವಹಿಸಿಕೊಳ್ಳುತ್ತೆ. 2005ರಲ್ಲಿ ಇಥಿಯೋಪಿಯಾದ ಅಫಾರ್‌ನಲ್ಲಿ ಸುಮಾರು 60 ಕಿ.ಮೀ. ಉದ್ದಕ್ಕೆ ಶಿಲಾರಸ ನುಗ್ಗಿ, ಕೆಲವೇ ವಾರಗಳಲ್ಲಿ ನೆಲ ಕೆಲವೆಡೆ 8 ಮೀಟರ್ ಅಗಲವಾಯಿತು. ಹಾಗಾಗಿ ಮಿಲಿಮೀಟರ್ ಅನ್ನುವುದು ಸರಾಸರಿ ಲೆಕ್ಕ ಅಷ್ಟೇ. ಇದರ ಮುಂದಿನ ಹಂತ ನೋಡಬೇಕಾದರೆ ಕೆಂಪು ಸಮುದ್ರ ಇದೆ, ಅಲ್ಲಿ ಸೀಳು ಅಗಲವಾಗಿ ಸಮುದ್ರವೇ ಆಗಿದೆ.

ಕೊಂಕಣದ್ದು ಆಗಿಹೋದ ಕಥೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಭಾರತದಿಂದ ಕಳಚಿ ಹೋಯಿತು. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಗಲಾಟೆಯವೇ. ಜನ ಅವುಗಳ ಮೇಲೆ ಕೂತು ಸೆಲ್ಫಿ ತೆಗೆದು ಬರುತ್ತಾರೆ, ಕಲ್ಲು ನೋಡುವವರು ಕಡಿಮೆ. ಸುಮಾರು 6.3 ಕೋಟಿ ವರ್ಷದ ಹಿಂದೆ ಸೆಶೆಲ್ಸ್ (ಈಗ ಹಿಂದೂ ಮಹಾಸಾಗರದ ದ್ವೀಪಗಳು) ನಮ್ಮ ಮುಂಬಯಿ ಕಡೆಯಿಂದ ಕಳಚಿತು. ಗುರುತು ನಿಮ್ಮ ಮನೆ ಹತ್ತಿರವೇ ಇದೆ. ಮಾಥೇರಾನ್ ಗುಡ್ಡದ ಲಾವಾ ಪದರಗಳು ಹೆಚ್ಚುಕಡಿಮೆ ಮಟ್ಟಸ. ಪನ್ವೇಲ್‌ನಿಂದ ಮುಂಬಯಿ ಕಡೆಗೆ ಬಂದರೆ ಪದರಗಳು ಸಮುದ್ರದತ್ತ ವಾಲುತ್ತವೆ. ಈ ಬಾಗಿಗೆ ಹೆಸರೇ ಪನ್ವೇಲ್ ಫ್ಲೆಕ್ಷರ್.

ಕೋಥ್ರುಡ್ ಹುಡುಗ:
ಸರ್, ಹಾಗಾದರೆ ನಮ್ಮ ದಖ್ಖನ್ ಪ್ರಸ್ಥಭೂಮಿ ತುಂಬ ಹರಡಿರುವ ಡೆಕ್ಕನ್ ಲಾವಾನೇ ಸೀಳಿದ್ದು ಅಲ್ವಾ?

ಮುಲುಂಡ್ ಮಾಸ್ಟ್ರು:
ಅಷ್ಟು ನೇರ ಇಲ್ಲ. ಲಾವಾದ ಬಹುಪಾಲು 6.6 ಕೋಟಿ ವರ್ಷದ ಆಸುಪಾಸಿನದು, ಸೆಶೆಲ್ಸ್ ಹೋದದ್ದು ಆಮೇಲೆ. ಬಿಸಿ ನೆರವಾಗಿರಬಹುದು. ಆದರೆ ಸೈಬೀರಿಯಾದಲ್ಲಿ 25 ಕೋಟಿ ವರ್ಷದ ಹಿಂದೆ ಇನ್ನೂ ಜಾಸ್ತಿ ಲಾವಾ ಹರಿಯಿತು, ಸಾಗರ ಹುಟ್ಟಲಿಲ್ಲ. ಎಳೆತ ನಿಂತರೆ ಸೀಳೂ ಅರ್ಧಕ್ಕೆ ನಿಲ್ಲುತ್ತೆ. ಗುಜರಾತಿನ ಖಂಬಾತ್ ಕಣಿವೆ ಅಂಥದ್ದೇ. ಅದರಲ್ಲಿ ತುಂಬಿದ ಹೂಳಿನಿಂದಲೇ ಅಂಕ್ಲೇಶ್ವರದ ಎಣ್ಣೆ. ಸೋತ ಸೀಳುಗಳೇ ನಮಗೆ ಜಾಸ್ತಿ ಲಾಭ ಕೊಟ್ಟಿವೆ ಅನ್ನಿ!

ಪನ್ವೇಲ್ ಅಮ್ಮ:
ವಾಟ್ಸಾಪ್‌ನವರಿಗೆ ಏನು ಹೇಳಲಿ ಮಾಸ್ಟ್ರೇ?

ಮುಲುಂಡ್ ಮಾಸ್ಟ್ರು:
ಭಾರತ ಈಗ ಹಿಮಾಲಯದ ಕಡೆ ಒತ್ತಿಕೊಂಡು ಕೂತಿದೆ. ಇಲ್ಲಿರುವುದು ಒತ್ತಡ, ಎಳೆತ ಅಲ್ಲ. ಕೊಂಕಣ ಎಲ್ಲಿಗೂ ಹೋಗುವುದಿಲ್ಲ ಅಂತ ಹೇಳಿ. ಮಗನನ್ನು ಮಳೆ ನಿಂತ ಮೇಲೆ ಮಾಥೇರಾನ್‌ಗೆ ಕರೆದುಕೊಂಡು ಹೋಗಿ, ಮಂಜಿನಲ್ಲಿ ಪದರ ಕಾಣುವುದಿಲ್ಲ.