ಸಹಾಯ ಬೇಕು: ಸ್ಕಾಟ್ಲೆಂಡಿನಿಂದ ಬಂದ ಮುತ್ತಜ್ಜನ ಊರು ಹುಡುಕಬೇಕಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನ ಮುತ್ತಜ್ಜ ಸ್ಕಾಟ್ಲೆಂಡಿನವರು. ಕೊಡಗಿನ ಕಾಫಿ ತೋಟವೊಂದರಲ್ಲಿ ಸಣ್ಣ ದೊರೆ, ಅಂದರೆ ಸಹಾಯಕ ಮ್ಯಾನೇಜರ್ ಆಗಿದ್ದರಂತೆ. 1889ರಲ್ಲಿ ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಮದುವೆ ಆಯಿತು, ಆಗ ವಯಸ್ಸು 29. ಮದುವೆ ದಾಖಲೆಯಲ್ಲಿ ತಂದೆಯ ಹೆಸರು ಮಾತ್ರ ಇದೆ. ತಾಯಿಯದ್ದೂ ಇಲ್ಲ, ಊರಿನದ್ದೂ ಇಲ್ಲ.

ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ 1855ರಲ್ಲೇ ಶುರುವಾಗಿತ್ತು. ಅದರಲ್ಲಿ ತಾಯಿಯ ತವರುಮನೆ ಹೆಸರೂ ಇರುತ್ತದೆ. ಹಾಗಾಗಿ 1860ರ ಸುಮಾರಿಗೆ ಹುಟ್ಟಿದ ಇವರದ್ದೂ ಅಲ್ಲಿ ಇರಲೇಬೇಕು ಅಲ್ವಾ? ಆದರೆ ಅಲ್ಲಿನ ಸರ್ಕಾರಿ ದಾಖಲೆಗಳ ‘ಸ್ಕಾಟ್ಲೆಂಡ್ಸ್ ಪೀಪಲ್’ ವೆಬ್‌ಸೈಟಿನಲ್ಲಿ ಅದೇ ಹೆಸರಿನವರು ರಾಶಿ ರಾಶಿ ಸಿಗುತ್ತಾರೆ. ಒಂದೊಂದು ದಾಖಲೆ ತೆರೆಯಲೂ ದುಡ್ಡು. ಸುಮ್ನೆ ಎಲ್ಲವನ್ನೂ ತೆರೆಯುತ್ತಾ ಕೂರಲು ಆಗುವುದಿಲ್ಲ.

ಒಂದು ಸುಳಿವು ಇದೆ. ಅಲ್ಲಿನವರು ಮೊದಲ ಮಗಳಿಗೆ ತಾಯಿಯ ತಾಯಿ ಹೆಸರು, ಎರಡನೆಯವಳಿಗೆ ತಂದೆಯ ತಾಯಿ ಹೆಸರು ಇಡುತ್ತಿದ್ದರು. ಎಲ್ಲರೂ ಪಾಲಿಸುತ್ತಿರಲಿಲ್ಲ, ಆದರೂ ಇವರ ಎರಡನೇ ಮಗಳ ಹೆಸರೇ ಇವರ ತಾಯಿಯದ್ದು ಅಂದುಕೊಂಡು ಹುಡುಕಬಹುದು ಅನ್ನಿಸುತ್ತದೆ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡುತ್ತಿದ್ದ ಬ್ರಿಟಿಷ್ ಇಲಾಖೆ) ದಾಖಲೆ ನೋಡಿದವರು ಯಾರಾದರೂ ಇದ್ದೀರಾ? ಮದ್ರಾಸ್ ಪ್ರಾಂತ್ಯದ ಮದುವೆ, ಸಾವಿನ ಪಟ್ಟಿಗಳು ಅಲ್ಲಿವೆ. ಮಡಿಕೇರಿ, ಪಾಲಿಬೆಟ್ಟ ಕಡೆಯವರು ಹಳೇ ಇಂಗ್ಲಿಷ್ ಸಮಾಧಿಗಳ ಫೋಟೋ ಕಳಿಸಿದರೂ ಉಪಕಾರ. ಹೆಸರುಗಳನ್ನು ಮೆಸೇಜಿನಲ್ಲಿ ಹೇಳುತ್ತೇನೆ.