ಕಬ್ಬಿನ ಸಿಪ್ಪೆ ದ್ರಾವಣದಲ್ಲಿ ಯೀಸ್ಟ್ ಕ್ಸೈಲೋಸ್ ಮುಟ್ಟುತ್ತಿಲ್ಲ, ಜೀನ್ ಬದಲಿಸಬೇಕಾ?

ಸಿಪ್ಪೆ_ಎಥೆನಾಲ್: ನಮಸ್ಕಾರ. ಕಬ್ಬಿನ ಸಿಪ್ಪೆಯನ್ನು ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ 121 ಡಿಗ್ರಿಗೆ ಬೇಯಿಸಿ, ಸೋಸಿದ ದ್ರಾವಣವನ್ನು ಎಥೆನಾಲ್‌ಗಾಗಿ ಹುದುಗಿಸುತ್ತಿದ್ದೇನೆ. ಅದರಲ್ಲಿ ಗ್ಲೂಕೋಸ್ ಜೊತೆ ಕ್ಸೈಲೋಸ್ ಎಂಬ ಸಕ್ಕರೆಯೂ ಇದೆ, ಮಾಮೂಲಿ ಬೇಕರಿ ಯೀಸ್ಟ್ ಅದನ್ನು ಹುದುಗಿಸಲ್ಲ. ನನ್ನದು ಬೇಕರಿ ಯೀಸ್ಟ್‌ಗೆ ಪಿಕಿಯಾ ಸ್ಟಿಪಿಟಿಸ್ ಎಂಬ ಇನ್ನೊಂದು ಯೀಸ್ಟ್‌ನ ಎರಡು ಕಿಣ್ವಗಳ ಜೀನ್ ಸೇರಿಸಿದ ತಳಿ: ಕ್ಸೈಲೋಸನ್ನು ಕ್ಸೈಲಿಟಾಲ್ ಮಾಡುವ ಕ್ಸೈಲೋಸ್ ರಿಡಕ್ಟೇಸ್, ಅದನ್ನು ಮುಂದಕ್ಕೆ ಕ್ಸೈಲುಲೋಸ್ ಮಾಡುವ ಕ್ಸೈಲಿಟಾಲ್ ಡಿಹೈಡ್ರೋಜನೇಸ್. ಗ್ಲೂಕೋಸ್ ಬೇಗ ಖಾಲಿಯಾಗುತ್ತದೆ, ಕ್ಸೈಲೋಸ್ ಹಾಗೇ ಉಳಿಯುತ್ತದೆ. ಪಿಎಚ್ 4.8. ಈ ಎರಡೂ ಜೀನ್ ತೆಗೆದು, ಅದೇ ಕೆಲಸವನ್ನು ಒಂದೇ ಹೆಜ್ಜೆಯಲ್ಲಿ ಮಾಡುವ ಕ್ಸೈಲೋಸ್ ಐಸೋಮರೇಸ್ ಕಿಣ್ವದ ಜೀನ್ ಹಾಕಿದರೆ ಸರಿಹೋಗುತ್ತಾ?

ಹುದುಗು: ಅವಸರ ಬೇಡ. ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಕ್ಸೈಲಿಟಾಲ್ ಎಷ್ಟು ಬಂತು?

ಸಿಪ್ಪೆ_ಎಥೆನಾಲ್: ಇಲ್ಲವೆನ್ನುವಷ್ಟು ಕಡಿಮೆ. ಅಸಿಟಿಕ್ ಆಮ್ಲದ ಪೀಕ್ ಮಾತ್ರ ಎದ್ದು ಕಾಣುತ್ತದೆ.

ಹುದುಗು: ಹಾಗಾದರೆ ಮೊದಲ ಅನುಮಾನ ದ್ರಾವಣದ ಮೇಲೆ. ನಿಮ್ಮ ತಳಿಯ ಹಳೇ ತೊಂದರೆ ಬೇರೆ: ಮೊದಲ ಕಿಣ್ವ ಹೆಚ್ಚಾಗಿ ಎನ್‌ಎಡಿಪಿಎಚ್ ಬಳಸುತ್ತದೆ, ಎರಡನೆಯದಕ್ಕೆ ಎನ್‌ಎಡಿ ಬೇಕು (ಎರಡೂ ಕಿಣ್ವಗಳಿಗೆ ಎಲೆಕ್ಟ್ರಾನ್ ಸಾಗಿಸುವ ಸಹಾಯಕ ಅಣುಗಳು). ಲೆಕ್ಕ ತಪ್ಪಿ ಕ್ಸೈಲಿಟಾಲ್ ಗುಡ್ಡೆ ಬೀಳುತ್ತದೆ. ನಿಮ್ಮಲ್ಲಿ ಅದೇ ಇಲ್ಲ, ಅಂದರೆ ಕ್ಸೈಲೋಸ್ ಒಳಗೇ ಹೋಗುತ್ತಿಲ್ಲ ಅಥವಾ ಕೋಶ ಸುಸ್ತಾಗಿದೆ.

ಸಿಪ್ಪೆಯ ಹೆಮಿಸೆಲ್ಯುಲೋಸ್ ಎಂಬ ನಾರಿನ ಭಾಗದಿಂದ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅದರ ಪಿಕೆಎ (ಅರ್ಧ ಆಮ್ಲ ಅಯಾನ್ ಆಗಿರುವ ಪಿಎಚ್) 4.76. ಪಿಎಚ್ 4.8ರಲ್ಲಿ ಅರ್ಧದಷ್ಟು ಆಮ್ಲ ಅಯಾನ್ ಆಗದೆ ಸೀದಾ ಕೋಶದೊಳಗೆ ನುಗ್ಗುತ್ತದೆ. 5.5ರಲ್ಲಿ ಅದು ಸುಮಾರು ಶೇ 15 ಮಾತ್ರ. ಒಳಗೆ ಬಂದ ಪ್ರೋಟಾನನ್ನು ಹೊರದಬ್ಬಲು ಎಟಿಪಿ, ಅಂದರೆ ಕೋಶದ ಶಕ್ತಿಯ ಅಣು, ಬೇಕು. ಗ್ಲೂಕೋಸ್ ಇದ್ದಾಗ ನಡೆಯುತ್ತದೆ. ಕ್ಸೈಲೋಸ್‌ನಿಂದ ಎಟಿಪಿ ಬರೋದೇ ನಿಧಾನ, ಅಲ್ಲಿ ಕೈಕೊಡುತ್ತದೆ.

ಎರಡು ಫ್ಲಾಸ್ಕ್ ಇಡಿ. ಒಂದರಲ್ಲಿ ಶುದ್ಧ ಗ್ಲೂಕೋಸ್, ಕ್ಸೈಲೋಸ್. ಇನ್ನೊಂದರಲ್ಲಿ ನಿಮ್ಮ ದ್ರಾವಣ, ಪಿಎಚ್ 5.5.

ಸುಣ್ಣದನೀರು: ಫರ್ಫ್ಯೂರಲ್ ಕೂಡ ನೋಡಿ, ಆಮ್ಲದಲ್ಲಿ ಬೇಯಿಸುವಾಗ ಕ್ಸೈಲೋಸ್ ಒಡೆದು ಬರುವ, ಯೀಸ್ಟ್‌ಗೆ ವಿಷವಾದ ವಸ್ತು ಅದು. ಸುಣ್ಣ ಹಾಕಿ ಪಿಎಚ್ 10ಕ್ಕೆ ಏರಿಸಿ, ಜಿಪ್ಸಮ್ ಸೋಸಿ, ಮತ್ತೆ ಇಳಿಸಿದರೆ ಅದು ಕಡಿಮೆಯಾಗುತ್ತದೆ. ಅಸಿಟಿಕ್ ಆಮ್ಲ ಮಾತ್ರ ಇದರಿಂದ ಹೋಗಲ್ಲ. ಸುಣ್ಣ ಜಾಸ್ತಿಯಾದರೆ ಸಕ್ಕರೆಯೂ ಹಾಳಾಗುತ್ತದೆ, ಹುಷಾರು.

ಸಿಪ್ಪೆ_ಎಥೆನಾಲ್: ಧನ್ಯವಾದ. ಶುದ್ಧ ಸಕ್ಕರೆಯಲ್ಲಿ ಕ್ಸೈಲೋಸ್ ಚೆನ್ನಾಗಿ ಇಳಿಯಿತು, ಕ್ಸೈಲಿಟಾಲ್ ಕೂಡ ಬಂತು. ದ್ರಾವಣದಲ್ಲಿ 5.5ಕ್ಕೆ ನಿಧಾನವಾಗಿ ಇಳಿಯುತ್ತಿದೆ.

ಹುದುಗು: ಅಂದರೆ ಜೀನ್ ಕೆಲಸ ಮಾಡುತ್ತಿದೆ. ಇನ್ನು ಬೀಜ ಯೀಸ್ಟನ್ನು ಸಕ್ಕರೆ ನೀರಿನ ಬದಲು, ನೀರು ಬೆರೆಸಿದ ಇದೇ ದ್ರಾವಣದಲ್ಲಿ ಬೆಳೆಸಿ, ಸ್ವಲ್ಪ ಜಾಸ್ತಿಯೇ ಹಾಕಿ. ಇಳುವರಿಯನ್ನು ಗ್ರಾಂ ಸಕ್ಕರೆಗೆ 0.51 ಗ್ರಾಂ ಎಥೆನಾಲ್ ಎಂಬ ಗರಿಷ್ಠ ಮಿತಿಗೆ ಹೋಲಿಸಿ. ಆಮೇಲೂ ಕ್ಸೈಲಿಟಾಲ್ ಕಾಡಿದರೆ ಪೈರೋಮೈಸಿಸ್ ಶಿಲೀಂಧ್ರದ ಐಸೋಮರೇಸ್ ಪ್ರಯತ್ನಿಸಬಹುದು. ಭಾರತದ ಆನೆಯ ಲದ್ದಿಯಲ್ಲಿ ಸಿಕ್ಕಿದ ಶಿಲೀಂಧ್ರ ಅದು, ಅದರ ಕಿಣ್ವಕ್ಕೆ ಆ ಎನ್‌ಎಡಿ ಗೊಡವೆಯೇ ಇಲ್ಲ.