ಅಪರಿಚಿತರಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಪಾರ್ಟ್ಸ್: ಹಣ ಕೊಡುವ ಮುಂಚೆ ಏನು ನೋಡಬೇಕು?

ಪ್ರಶ್ನೆ:
ನಮಸ್ಕಾರ ಸರ್. ಆನ್‌ಲೈನ್‌ನಲ್ಲಿ ಒಬ್ಬರು ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ ಮಾರಾಟಕ್ಕೆ ಹಾಕಿದ್ದಾರೆ. ‘ಗೇಮ್ ಆಡೋಕೆ ಮಾತ್ರ ಬಳಸಿದ್ದು, ಮೈನಿಂಗ್ ಮಾಡೇ ಇಲ್ಲ’ ಅಂತ ಬರೆದಿದ್ದಾರೆ. ಇದು ನಿಜಾನಾ ಅಂತ ಪತ್ತೆ ಹಚ್ಚೋಕೆ ದಾರಿ ಇದೆಯಾ? ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, 4 ಟಿಬಿ ಹಾರ್ಡ್ ಡಿಸ್ಕ್, ಪವರ್ ಸಪ್ಲೈ ಎಲ್ಲವನ್ನೂ ಬಳಸಿದ್ದೇ ತಗೊಂಡು ಪಿಸಿ ಜೋಡಿಸೋಣ ಅಂದ್ಕೊಂಡಿದ್ದೀನಿ. ಯಾವುದನ್ನ ಧೈರ್ಯವಾಗಿ ತಗೋಬಹುದು, ಯಾವುದು ಬೇಡ?

ಉತ್ತರ, ಹಾರ್ಡ್‌ವೇರ್ ತಂತ್ರಜ್ಞ:
ಮೊದಲು ನಿಮ್ಮ ಕೊನೆಯ ಪ್ರಶ್ನೆ. ಪ್ರೊಸೆಸರ್, ರ‍್ಯಾಮ್ ಧೈರ್ಯವಾಗಿ ತಗೊಳ್ಳಿ. ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಕಣ್ಣೆದುರು ಓಡಿಸಿ ನೋಡಿದ ಮೇಲೆ ಮಾತ್ರ. ಹಾರ್ಡ್ ಡಿಸ್ಕ್ ಆದರೆ ಅದರ ದಾಖಲೆ ಓದಿದ ಮೇಲೆ, ಅದೂ ಇನ್ನೊಂದು ಕಡೆ ಪ್ರತಿ ಇಟ್ಟಿರುವ ಫೈಲುಗಳಿಗೆ ಮಾತ್ರ. ಪವರ್ ಸಪ್ಲೈ ಹೊಸದೇ ಇರಲಿ.

ಈಗ ಮೈನಿಂಗ್, ಅಂದರೆ ಕ್ರಿಪ್ಟೊ ನಾಣ್ಯ ಗಳಿಸಲು ಕಾರ್ಡನ್ನು ಹಗಲಿರುಳು ಓಡಿಸುವ ವಿಚಾರ. ಹಾರ್ಡ್ ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ಬರೆದಿಟ್ಟುಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ನಾವು ಓದಬಹುದಾದ ಅಂಥ ಲೆಕ್ಕ ಇರುವುದಿಲ್ಲ. ಹಾಗಾಗಿ ಮಾರುವವರ ಮಾತಿಗೆ ಪುರಾವೆಯೂ ಇಲ್ಲ, ವಿರುದ್ಧ ಸಾಕ್ಷಿಯೂ ಇಲ್ಲ. 3080 ಬಂದದ್ದು 2020ರಲ್ಲಿ, ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗ್ ನಿಂತದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವಿನ ಎರಡು ವರ್ಷ ಈ ಕಾರ್ಡ್ ಎಲ್ಲಿತ್ತು ಎಂದು ತಲೆ ಕೆಡಿಸಿಕೊಳ್ಳುವ ಬದಲು ಇವತ್ತು ಹೇಗಿದೆ ಎಂದು ನೋಡಿ. ಮೈನಿಂಗ್‌ನಲ್ಲಿ ಹೆಚ್ಚು ಬಿಸಿ ತಿನ್ನುವುದು ಮೆಮೊರಿ ಚಿಪ್ಪುಗಳು. ಅವುಗಳ ಮೇಲೆ ಶಾಖ ದಾಟಿಸಲು ಇರುವ ಥರ್ಮಲ್ ಪ್ಯಾಡ್ ಒಣಗಿರುತ್ತದೆ ಅಥವಾ ಎಣ್ಣೆ ಬಿಟ್ಟಿರುತ್ತದೆ. ಸರಿಯಾಗಿ ಗಾಳಿ ಆಡದ ಕ್ಯಾಬಿನೆಟ್ಟಿನಲ್ಲಿ ಬರೀ ಗೇಮ್ ಆಡಿದ ಕಾರ್ಡೂ ಅದೇ ಸ್ಥಿತಿಗೆ ಬಂದಿರಬಹುದು.

ಹೋಗುವ ಮುಂಚೆ ಫೋಟೋ ಕೇಳಿ: ಎರಡೂ ಬದಿ, ಸೀರಿಯಲ್ ನಂಬರ್ ಸ್ಟಿಕ್ಕರ್, ಪವರ್ ಕನೆಕ್ಟರ್ ಒಳಭಾಗ, ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಅಂಚು. ಆ ಅಂಚಿನ ತುದಿಯಲ್ಲಿ, ಸ್ಲಾಟಿನ ಲಾಕ್ ಹಿಡಿಯುವ ಮೂಲೆಯ ಹತ್ತಿರ, ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಭಾರದ ಕಾರ್ಡುಗಳನ್ನು ಆಧಾರವಿಲ್ಲದೆ ವರ್ಷಗಟ್ಟಲೆ ನೇತಾಡಿಸಿದರೆ, ಇಲ್ಲವೇ ಪಿಸಿ ಒಳಗಿಟ್ಟೇ ಸಾಗಿಸಿದರೆ, ಬೋರ್ಡ್ ಸೀಳುವುದು ಅಲ್ಲೇ. ಒಳಪದರದ ತಂತಿ ತುಂಡಾಗಿದ್ದರೆ ರಿಪೇರಿ ನೆಚ್ಚುವಂಥದ್ದಲ್ಲ.

ಅಲ್ಲಿಗೆ ಹೋದಾಗ ಪಿಸಿ ಮೊದಲೇ ಆನ್ ಆಗಿದ್ದರೆ ಆಫ್ ಮಾಡಿಸಿ, ಕಾರ್ಡ್ ತಣ್ಣಗಾಗುವವರೆಗೆ ಕಾಯಿರಿ, ಆಮೇಲೆ ಹಚ್ಚಿಸಿ. ಬೆಸುಗೆ ಬಿಟ್ಟ ಕಾರ್ಡನ್ನು ಬಿಸಿ ಮಾಡಿ ತಾತ್ಕಾಲಿಕವಾಗಿ ಎಬ್ಬಿಸಿದ್ದರೆ, ಬಿಸಿ ಇರುವಾಗ ಚೆನ್ನಾಗಿ ಓಡಿ ತಣ್ಣಗಿರುವಾಗ ಡಿಸ್‌ಪ್ಲೇ ಕೊಡದೆ ಇರುವುದುಂಟು.

ನಂತರ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆಯಿರಿ. 10 ಜಿಬಿಯ 3080ಗೆ 8704 ಶೇಡರ್ (ಚಿತ್ರದ ಲೆಕ್ಕ ಹಾಕುವ ಘಟಕ), 320 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ) ತೋರಿಸಬೇಕು. 12 ಜಿಬಿ ಮಾದರಿಗೆ 8960, 384 ಬಿಟ್. ಹೆಸರಿನ ಮುಂದೆ ‘ಫೇಕ್’ ಎಂದು ಬಂದರೆ ಹಳೆಯ ಚಿಪ್ಪಿಗೆ ಬೇರೆ ಬಯೋಸ್ (ಒಳಗಿನ ಮೂಲ ತಂತ್ರಾಂಶ) ತುಂಬಿ ದೊಡ್ಡ ಕಾರ್ಡಿನ ಹೆಸರು ಕೊಟ್ಟಿದ್ದಾರೆ ಎಂದರ್ಥ. ಆರ್‌ಎಕ್ಸ್ 580 ನೋಡುವವರು ಇಲ್ಲಿ ಇನ್ನೂ ಹುಷಾರಾಗಿರಬೇಕು: ಪೂರ್ಣ ಕಾರ್ಡಿಗೆ 2304 ಶೇಡರ್, ಅದೇ ಹೆಸರಿನ ಕಡಿಮೆ ಶಕ್ತಿಯ ಮಾದರಿಗೆ 2048.

ಕಾರ್ಡಿಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ತಂತ್ರಾಂಶ ಒಂದೇ ಓಡಿಸಿ ತೃಪ್ತಿಪಡಬೇಡಿ, ಅದು ಮೆಮೊರಿಯನ್ನು ಅಷ್ಟಾಗಿ ಪರೀಕ್ಷಿಸುವುದಿಲ್ಲ. 3ಡಿಮಾರ್ಕ್ ಟೈಮ್ ಸ್ಪೈ ಸ್ಟ್ರೆಸ್ ಟೆಸ್ಟ್ 20 ಸುತ್ತು ಓಡಿಸಿ, 97% ಸ್ಥಿರತೆ ಬಂದರೆ ಪಾಸ್. ಆಮೇಲೆ ಒಸಿಸಿಟಿಯಲ್ಲಿ ವಿಡಿಯೊ ಮೆಮೊರಿ ಪರೀಕ್ಷೆ, ಕನಿಷ್ಠ 10 ನಿಮಿಷ. ಇದರಲ್ಲಿ ಒಂದೇ ಒಂದು ದೋಷ ಬಂದರೂ ಕಾರ್ಡ್ ಬೇಡ, ಎಷ್ಟು ಅಗ್ಗವಾದರೂ ಬೇಡ.

ಪರೀಕ್ಷೆ ನಡೆಯುವಾಗ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಮೂರು ಉಷ್ಣಾಂಶ ನೋಡುತ್ತಿರಿ: ಚಿಪ್ಪಿನದು, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ), ಮೆಮೊರಿ ಜಂಕ್ಷನ್ (ಮೆಮೊರಿ ಚಿಪ್ಪಿನ ಒಳಗಿನದು). ಮೊದಲ ಎರಡರ ನಡುವೆ 10ರಿಂದ 15 ಡಿಗ್ರಿ ಅಂತರ ಸಹಜ. 25 ದಾಟಿದರೆ ಚಿಪ್ಪಿಗೂ ಹೀಟ್‌ಸಿಂಕ್‌ಗೂ ನಡುವಿನ ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸಮನಾಗಿ ಕೂತಿಲ್ಲ. ಈ ಕಾರ್ಡಿನ ಜಿಡಿಡಿಆರ್6ಎಕ್ಸ್ ಮೆಮೊರಿ 110 ಡಿಗ್ರಿಗೆ ಬಂದಾಗ ವೇಗ ತಾನಾಗಿಯೇ ಇಳಿಯುತ್ತದೆ. ಇವೆರಡೂ ಪೇಸ್ಟ್, ಪ್ಯಾಡ್ ಬದಲಾಯಿಸಿದರೆ ಸರಿಹೋಗುವ ತೊಂದರೆಗಳು, ಬೆಲೆ ಇಳಿಸಿ ಕೇಳಲು ನ್ಯಾಯವಾದ ಕಾರಣಗಳು. ಪ್ಯಾಡಿನ ದಪ್ಪ ಮಾತ್ರ ಮಾದರಿಯಿಂದ ಮಾದರಿಗೆ ಬೇರೆ. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಚಿಪ್ಪಿಗೆ ತಾಗದೆ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

ಫ್ಯಾನನ್ನು 100%ಗೆ ಏರಿಸಿ ಬೇರಿಂಗ್ ಸದ್ದು ಕೇಳಿ. ಕೆಲಸವಿಲ್ಲದಾಗ ಫ್ಯಾನ್ ತಿರುಗದಿರುವುದು ದೋಷವಲ್ಲ. ಎಲ್ಲ ಡಿಸ್‌ಪ್ಲೇ ಪೋರ್ಟುಗಳಿಗೂ ಕೇಬಲ್ ಹಾಕಿ ನೋಡಿ.

ಮರುಪ್ರಶ್ನೆ:
ಥ್ಯಾಂಕ್ಸ್ ಸರ್. ಆದ್ರೆ ಅವರು ‘ನನ್ನ ಹತ್ರ ಈಗ ಪಿಸಿ ಇಲ್ಲ, ಕಾರ್ಡ್ ಚೆನ್ನಾಗೇ ಇದೆ, ಮನೇಲಿ ಹಾಕಿ ನೋಡಿ’ ಅಂತಿದ್ದಾರೆ.

ಉತ್ತರ:
ಹಾಗಾದರೆ ಅದು ಪರೀಕ್ಷಿಸದ ಕಾರ್ಡ್, ಕೆಟ್ಟಿರುವ ಕಾರ್ಡಿನ ಬೆಲೆಗಷ್ಟೇ ಅರ್ಹ. ನಿಮ್ಮದೇ ಅಥವಾ ಸ್ನೇಹಿತರ ಪಿಸಿ ಇರುವ ಜಾಗಕ್ಕೆ ಅವರನ್ನೇ ಬರಲು ಹೇಳಿ. ನಿಜಕ್ಕೂ ಚೆನ್ನಾಗಿರುವ ವಸ್ತು ಮಾರುವವರಿಗೆ ಒಂದು ಗಂಟೆ ಕೂರುವುದು ಭಾರವಾಗುವುದಿಲ್ಲ. ಒಪ್ಪದಿದ್ದರೆ ಬಿಟ್ಟುಬಿಡಿ, 3080 ಅಪರೂಪದ ಕಾರ್ಡೇನಲ್ಲ.

ಉತ್ತರ, ಡೇಟಾ ರಿಕವರಿ ತಂತ್ರಜ್ಞೆ:
ಹಾರ್ಡ್ ಡಿಸ್ಕ್ ಬಗ್ಗೆ ನಾನು ಹೇಳುತ್ತೇನೆ. ಡಿಸ್ಕಿನ ಆರೋಗ್ಯದ ದಾಖಲೆ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ, ಅದರಲ್ಲಿ ಸೀರಿಯಲ್ ನಂಬರ್ ಕಾಣುತ್ತಿರಬೇಕು. ನೋಡಬೇಕಾದ ಸಾಲುಗಳು 05, ಸಿ5, ಸಿ6, ಸಿ7. 05 ಎಂದರೆ ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರುಗಳು (ಡೇಟಾ ಇಡುವ ಪುಟ್ಟ ಭಾಗಗಳು). ಸಿ5 ಎಂದರೆ ಓದಲು ತಡವರಿಸುತ್ತಿರುವವು. ಸಿ6 ಎಂದರೆ ಸರಿಪಡಿಸಲಾಗದವು. ಈ ಮೂರೂ ಸೊನ್ನೆ ಇರಬೇಕು. ಸಿ7 ಏರಿದ್ದರೆ ಬಹುತೇಕ ಕೇಬಲ್ ತೊಂದರೆ. ಆ ಎಣಿಕೆ ಕೇಬಲ್ ಬದಲಾಯಿಸಿದ ಮೇಲೂ ಇಳಿಯುವುದಿಲ್ಲ, ಆದ್ದರಿಂದ ಅದೊಂದನ್ನೇ ನೋಡಿ ಡಿಸ್ಕ್ ತಿರಸ್ಕರಿಸಬೇಕಿಲ್ಲ. ಆ ತಂತ್ರಾಂಶ ಈ ಸಂಖ್ಯೆಗಳನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ. ಕೊನೆಯಲ್ಲಿ 18 ಎಂದಿದ್ದರೆ ನಿಜವಾದ ಸಂಖ್ಯೆ 24.

ಬಿಡುವಿಲ್ಲದೆ ಓಡಿದ ಡಿಸ್ಕಿಗೆ ಒಂದು ವರ್ಷಕ್ಕೆ 8,760 ಗಂಟೆ. 35,000 ಗಂಟೆ ಕಂಡರೆ ನಾಲ್ಕು ವರ್ಷ ಸರ್ವರ್‌ನಲ್ಲಿ ದುಡಿದಿದೆ ಎಂದುಕೊಳ್ಳಿ. ಡಿಸ್ಕಿನ ತಯಾರಿಕೆಯ ದಿನಾಂಕ ಹಳೆಯದಿದ್ದು ಗಂಟೆ ಮಾತ್ರ ಹತ್ತೋ ಇಪ್ಪತ್ತೋ ಇದ್ದರೆ ಅನುಮಾನ ಪಡಿ, ಈ ಎಣಿಕೆಯನ್ನು ಅಳಿಸಬಹುದು. 2025ರ ಆರಂಭದಲ್ಲಿ ಸೀಗೇಟ್‌ನ ಹಳೆಯ ಸರ್ವರ್ ಡಿಸ್ಕುಗಳು ಹೀಗೆ ಗಂಟೆ ಅಳಿಸಿಕೊಂಡು ಹೊಸದೆಂಬ ಹೆಸರಲ್ಲಿ ಮಾರಾಟವಾದದ್ದು ಬೆಳಕಿಗೆ ಬಂತು. ಅದನ್ನು ಬಯಲು ಮಾಡಿದ್ದು ಡಿಸ್ಕಿನೊಳಗೆ ಬೇರೆಯಾಗಿ ಇರುವ ಫಾರ್ಮ್ ಲಾಗ್ (ಸೀಗೇಟ್ ಡಿಸ್ಕ್ ತಾನೇ ಬರೆದಿಡುವ ಇನ್ನೊಂದು ದಾಖಲೆ). ಸ್ಮಾರ್ಟ್‌ಮಾನ್‌ಟೂಲ್ಸ್ ತಂತ್ರಾಂಶದ 7.4 ಅಥವಾ ಅದರ ನಂತರದ ಆವೃತ್ತಿಯಲ್ಲಿ ಅದನ್ನು ಓದಬಹುದು. ಎರಡು ಲೆಕ್ಕ ತಾಳೆಯಾಗದಿದ್ದರೆ ಮಾತು ಮುಗಿಸಿ.

4 ಟಿಬಿ ಡಿಸ್ಕಿನ ಪೂರ್ಣ ಪರೀಕ್ಷೆಗೆ ಏಳೆಂಟು ಗಂಟೆ ಬೇಕು, ಭೇಟಿಯಾದಾಗ ಆಗುವ ಕೆಲಸವಲ್ಲ. ಹಿಂದಿನ ರಾತ್ರಿಯೇ ಎಕ್ಸ್‌ಟೆಂಡೆಡ್ ಟೆಸ್ಟ್ ಹಚ್ಚಿ ಲಾಗ್ ಕಳಿಸಲು ಹೇಳಿ. ಭೇಟಿಯಲ್ಲಿ ಡಿಸ್ಕಿನ ಮೇಲಿನ ಸೀರಿಯಲ್ ನಂಬರನ್ನು ಆ ಲಾಗಿನ ಜೊತೆ ಹೋಲಿಸಿ ನೋಡಿ.

ಎಸ್‌ಎಸ್‌ಡಿ ಕೊಳ್ಳುವವರು ಗಂಟೆಗಿಂತ ಬರೆದ ಡೇಟಾ ನೋಡಬೇಕು. ಸ್ಯಾಮ್‌ಸಂಗ್ 970 ಇವೊ ಪ್ಲಸ್ 1 ಟಿಬಿಗೆ ಕಂಪನಿ ಖಾತರಿ ಕೊಡುವುದು 600 ಟಿಬಿ ಬರೆಯುವವರೆಗೆ. ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ದಾಖಲೆಯಲ್ಲಿ ‘ಪರ್ಸೆಂಟೇಜ್ ಯೂಸ್ಡ್’ (ಸವೆದ ಪ್ರಮಾಣ) 20ರ ಒಳಗಿದ್ದರೆ ನೆಮ್ಮದಿ. ‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಸೊನ್ನೆಯೇ ಇರಬೇಕು. ಹೆಸರು ಕೇಳದ ಬ್ರ್ಯಾಂಡಿನ ಎಸ್‌ಎಸ್‌ಡಿ, ಪೆನ್‌ಡ್ರೈವ್ ಆದರೆ ಎಚ್2ಟೆಸ್ಟ್‌ಡಬ್ಲ್ಯುನಲ್ಲಿ ಪೂರ್ತಿ ಬರೆದು ಓದಿಸಿ. ನಕಲಿ ಸಾಮರ್ಥ್ಯದ ಡ್ರೈವ್‌ಗಳು ಮೊದಲ ಕೆಲವು ಜಿಬಿ ಸರಿಯಾಗಿ ಹಿಡಿದು, ಆಮೇಲೆ ಬಂದದ್ದನ್ನೆಲ್ಲ ಕಳೆದುಹಾಕುತ್ತವೆ.

ಉತ್ತರ, ಹಾರ್ಡ್‌ವೇರ್ ತಂತ್ರಜ್ಞ:
ಮೇಡಂ ಹೇಳಿದ್ದಕ್ಕೆ ನಾನು ಸೇರಿಸುವುದೇನಿಲ್ಲ. ಉಳಿದ ಭಾಗಗಳಿಗೆ ಬರುತ್ತೇನೆ.

ಪ್ರೊಸೆಸರ್ ಸಾಮಾನ್ಯವಾಗಿ ಕೆಡುವುದಿಲ್ಲ, ಆದರೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಐ7, ಐ9 ಬಗ್ಗೆ ಎಚ್ಚರವಿರಲಿ. ಹೆಚ್ಚಿನ ವೋಲ್ಟೇಜ್‌ನಿಂದ ಒಳಗೇ ಸವೆಯುವ ದೋಷಕ್ಕೆ 2024ರಲ್ಲಿ ಮೈಕ್ರೊಕೋಡ್ (ಬಯೋಸ್ ಅಪ್‌ಡೇಟ್ ಜೊತೆ ಬರುವ ಪ್ರೊಸೆಸರಿನ ಒಳ ತಂತ್ರಾಂಶ) ಪರಿಹಾರ ಬಂತು. ಅದು ಮುಂದಿನ ಹಾನಿ ತಡೆಯುತ್ತದೆಯೇ ಹೊರತು ಆಗಿಹೋದದ್ದನ್ನು ಸರಿಮಾಡುವುದಿಲ್ಲ. ಬಯೋಸ್ ಯಾವಾಗ ಅಪ್‌ಡೇಟ್ ಮಾಡಿದಿರಿ ಎಂದು ಕೇಳಿ. ಡಬ್ಬಿಯಲ್ಲಿ ಬಂದ ಪ್ರೊಸೆಸರುಗಳಿಗೆ ಇಂಟೆಲ್ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ, ಹಾಗಾಗಿ ಮೂಲ ಬಿಲ್ ಪಡೆಯಿರಿ. ಎಎಂಡಿಯಲ್ಲಿ ಬೇರೆ ತೊಡಕು: ಬ್ರ್ಯಾಂಡೆಡ್ ಆಫೀಸ್ ಪಿಸಿ, ವರ್ಕ್‌ಸ್ಟೇಷನ್‌ಗಳಿಂದ ಬಿಚ್ಚಿದ ಕೆಲವು ರೈಜನ್ ಪ್ರೊ, ಥ್ರೆಡ್‌ರಿಪ್ಪರ್ ಪ್ರೊ ಚಿಪ್ಪುಗಳು ಆ ಕಂಪನಿಯ ಬೋರ್ಡಿಗೆ ಶಾಶ್ವತವಾಗಿ ಬೀಗ ಬಿದ್ದಿರುತ್ತವೆ. ಬೇರೆ ಬೋರ್ಡಿನಲ್ಲಿ ಬೂಟ್ ಆಗುವುದೇ ಇಲ್ಲ.

ಎಎಂಡಿಯ ಎಎಂ4 ಸಾಕೆಟ್ಟಿಗೆ ಕೂರುವ ಪ್ರೊಸೆಸರಿನಲ್ಲಿ 1331 ಪಿನ್ನುಗಳು ಚಿಪ್ಪಿನಲ್ಲೇ ಇವೆ. ಬಾಗಿದ್ದನ್ನು ನೆಟ್ಟಗೆ ಮಾಡಬಹುದು, ಮುರಿದದ್ದನ್ನು ಬಿಡಿ. ಎಎಂ5 ಮತ್ತು ಈಚಿನ ಇಂಟೆಲ್‌ಗಳಲ್ಲಿ ಪಿನ್ನು ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ. ಓರೆಯಾಗಿ ಟಾರ್ಚ್ ಹಿಡಿದು ಸಾಕೆಟ್ಟಿನ ಫೋಟೋ ತೆಗೆಸಿ, ಎಲ್ಲ ಪಿನ್ನೂ ಒಂದೇ ರೀತಿ ಹೊಳೆಯಬೇಕು. ಒಂದು ಮಂಕಾಗಿದ್ದರೂ ರ‍್ಯಾಮಿನ ಒಂದು ಚಾನಲ್ ಸತ್ತಿರಬಹುದು, ಹಾಗಾಗಿ ನಾಲ್ಕೂ ಸ್ಲಾಟಿಗೆ ರ‍್ಯಾಮ್ ಹಾಕಿ ನೋಡಿ.

ರ‍್ಯಾಮಿಗೆ ಮೆಮ್‌ಟೆಸ್ಟ್86 ನಾಲ್ಕು ಸುತ್ತು, ಸೊನ್ನೆ ದೋಷ. ಅಗ್ಗವಾಗಿ ಸಿಗುವ ಸರ್ವರ್ ರೆಜಿಸ್ಟರ್ಡ್ ರ‍್ಯಾಮ್ ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಓಡುವುದಿಲ್ಲ.

ಪವರ್ ಸಪ್ಲೈ ಬೇಡ ಎಂದದ್ದಕ್ಕೆ ಕಾರಣ, ಅದರ ಕೆಪಾಸಿಟರ್ ಎಷ್ಟು ಒಣಗಿದೆ ಎಂದು ಹೊರಗಿನಿಂದ ತಿಳಿಯದು, ಕೆಟ್ಟರೆ ಉಳಿದದ್ದನ್ನೂ ಜೊತೆಗೆ ಒಯ್ಯಬಹುದು. ಇನ್ನೊಂದು ಮುಖ್ಯ ಮಾತು: ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಸಪ್ಲೈಗೆ ಬೇರೆ ಕಂಪನಿಯ ಕೇಬಲ್ ಸಿಕ್ಕಿಸಬೇಡಿ. ಸಪ್ಲೈ ಕಡೆಯ ಪಿನ್ ಜೋಡಣೆಗೆ ಸಾಮಾನ್ಯ ನಿಯಮವಿಲ್ಲ. 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋದರೆ ಡಿಸ್ಕುಗಳು ಕ್ಷಣದಲ್ಲಿ ಸುಡುತ್ತವೆ.

ಇನ್ನೊಬ್ಬರ ಪ್ರಶ್ನೆ:
ಸರ್, ನಾನು ಆಫೀಸಿನಿಂದ ಹೊರಬಂದ ಲ್ಯಾಪ್‌ಟಾಪ್ ನೋಡ್ತಿದ್ದೀನಿ. ‘ಫ್ರೆಶ್ ವಿಂಡೋಸ್ ಹಾಕಿದ್ದೀವಿ’ ಅಂತಾರೆ. ಅಷ್ಟು ಸಾಕಾ?

ಉತ್ತರ:
ಸಾಲದು. ಕಂಪನಿ ಲ್ಯಾಪ್‌ಟಾಪುಗಳು ಆಟೊಪೈಲಟ್‌ನಲ್ಲಿ (ಕಂಪನಿಗಳು ತಮ್ಮ ಲ್ಯಾಪ್‌ಟಾಪುಗಳನ್ನು ಹಿಡಿತದಲ್ಲಿಡಲು ಬಳಸುವ ಮೈಕ್ರೊಸಾಫ್ಟ್ ಸೇವೆ) ನೋಂದಣಿಯಾಗಿರಬಹುದು. ಆ ನೋಂದಣಿ ಇರುವುದು ಮೈಕ್ರೊಸಾಫ್ಟ್ ಸರ್ವರಿನಲ್ಲಿ, ಡಿಸ್ಕಿನಲ್ಲಲ್ಲ. ಇಂಟರ್ನೆಟ್ ಇಲ್ಲದೆ ವಿಂಡೋಸ್ ಹಾಕಿದರೆ ಎಲ್ಲ ಸರಿಯಾಗಿ ಕಾಣುತ್ತದೆ, ಮುಂದೆ ನೀವು ರೀಸೆಟ್ ಮಾಡಿದ ದಿನ ಕಂಪನಿಯ ಲಾಗಿನ್ ಪುಟ ಎದುರು ನಿಲ್ಲುತ್ತದೆ. ಆದ್ದರಿಂದ ನಿಮ್ಮೆದುರೇ ರೀಸೆಟ್ ಮಾಡಿಸಿ, ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ, ಡೆಸ್ಕ್‌ಟಾಪ್ ಬರುವವರೆಗೆ ಕೂತು ನೋಡಿ. ಮ್ಯಾಕ್‌ಬುಕ್ ಆದರೂ ಇದೇ ಕ್ರಮ. ಅಳಿಸಿದ ಮೇಲೆ ‘ಆಕ್ಟಿವೇಶನ್ ಲಾಕ್’ ಅಥವಾ ‘ರಿಮೋಟ್ ಮ್ಯಾನೇಜ್‌ಮೆಂಟ್’ ಬಂದರೆ ಹಣ ಕೊಡಬೇಡಿ.

ಬಯೋಸ್ ಸೆಟಪ್ ತೆರೆದು ಪಾಸ್‌ವರ್ಡ್ ಕೇಳುತ್ತದೆಯೇ ನೋಡಿ. ಬಿಸಿನೆಸ್ ಮಾದರಿಗಳಲ್ಲಿ ಈ ಪಾಸ್‌ವರ್ಡ್ ಬಟನ್ ಸೆಲ್ ತೆಗೆದರೆ ಹೋಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ವಿಂಡೋಸ್ 11 ಓಡಬೇಕು, ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ನಂತರದ್ದನ್ನೇ ನೋಡಿ. ಬ್ಯಾಟರಿಗೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿಯ ಬ್ಯಾಟರಿ ರಿಪೋರ್ಟ್ (powercfg /batteryreport) ತೆಗೆಯಿರಿ. ಮೂಲ ಸಾಮರ್ಥ್ಯ 57,000, ಈಗಿನದು 39,900 ಎಂದಿದ್ದರೆ ಉಳಿದಿರುವುದು 70%. ಟಚ್‌ಪ್ಯಾಡ್ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ, ಅಂಥದ್ದನ್ನು ಚಾರ್ಜಿಗೂ ಹಾಕಬಾರದು.

ಮರುಪ್ರಶ್ನೆ:
ಮಾರುವವರು ದೂರದ ಊರಲ್ಲಿದ್ದು ಕೊರಿಯರ್ ಮಾಡ್ತೀನಿ ಅಂದರೆ?

ಉತ್ತರ:
ನೀವು ಆರಿಸಿದ ಒಂದು ಪದವನ್ನೂ ಇವತ್ತಿನ ದಿನಾಂಕವನ್ನೂ ಚೀಟಿಯಲ್ಲಿ ಬರೆದು, ವಸ್ತುವಿನ ಪಕ್ಕ ಇಟ್ಟು ಫೋಟೋ ಕಳಿಸಲು ಹೇಳಿ. ವಿಡಿಯೊ ಕಾಲ್‌ನಲ್ಲಿ ಸೀರಿಯಲ್ ನಂಬರ್ ತೋರಿಸಿ, ಕರೆ ಕಡಿಯದೆ ಅದನ್ನೇ ಓಡಿಸಲಿ. ಖರೀದಿದಾರನಿಗೆ ರಕ್ಷಣೆ ಇರುವ ಪಾವತಿಯನ್ನಷ್ಟೇ ಬಳಸಿ. ‘ಶುಲ್ಕ ಉಳಿಯುತ್ತೆ, ಸ್ನೇಹಿತರಿಗೆ ಕಳಿಸಿದ ಹಾಗೆ ಕಳಿಸಿ’, ‘ಇನ್ನೂ ನಾಲ್ಕು ಜನ ಕೇಳ್ತಿದ್ದಾರೆ, ಅಡ್ವಾನ್ಸ್ ಹಾಕಿ’ ಎಂದರೆ ಅಲ್ಲಿಗೇ ನಿಲ್ಲಿಸಿ.

ಪ್ಯಾಕಿಂಗ್ ಹೇಗಿರಬೇಕು ಎಂದು ಮೊದಲೇ ತಿಳಿಸಿ: ಆ್ಯಂಟಿ-ಸ್ಟ್ಯಾಟಿಕ್ ಕವರ್, ಸುತ್ತಲೂ 5 ಸೆಂ.ಮೀ. ಫೋಮ್, ಗಟ್ಟಿ ಡಬ್ಬಿ. ಪೂರ್ತಿ ಪಿಸಿ ಆದರೆ ಗ್ರಾಫಿಕ್ಸ್ ಕಾರ್ಡನ್ನೂ ಭಾರದ ಕೂಲರನ್ನೂ ಬಿಚ್ಚಿ ಬೇರೆ ಕಳಿಸಬೇಕು. ಪಾರ್ಸೆಲ್ ಬಂದಾಗ ಸೀಲ್ ಮತ್ತು ವಿಳಾಸದ ಚೀಟಿಯಿಂದ ಶುರುಮಾಡಿ ಸೀರಿಯಲ್ ನಂಬರ್ ಕಾಣುವವರೆಗೆ ಒಂದೇ ಓಟದ ವಿಡಿಯೊ ತೆಗೆಯಿರಿ. ಚಳಿಯಲ್ಲಿ ಬಂದ ಪಾರ್ಸೆಲ್ಲಾದರೆ ಕವರ್ ತೆರೆಯದೆ ಕೆಲವು ಗಂಟೆ ಕೋಣೆಯಲ್ಲಿಡಿ, ತಣ್ಣನೆಯ ವಸ್ತುವಿನ ಮೇಲೆ ಕೋಣೆಯ ತೇವ ಕೂರದಿರಲಿ. ಪರೀಕ್ಷೆಯನ್ನು ದೂರು ಕೊಡುವ ಗಡುವಿನೊಳಗೆ, ಆದಷ್ಟೂ ಅದೇ ದಿನ ಮುಗಿಸಿ.